ಊರು ಹೇಳಿರೇನು ಅದಕ್ಕ?

ಎಂಟರ್ ಒತ್ತುವ ಮೊದಲು ಅವರ ಬಳೆಗಳು ಸದ್ದು ಮಾಡುತ್ತಿದ್ದವು. ಸಣಕಲು ಮುಂಗೈ, ಹಸಿರು ಗಾಜಿನ ಬಳೆ, ಕೀಲಿಯ ಮೇಲೆ ನಿಂತೇ ಇರುವ ತೋರುಬೆರಳು. ಕೈ ಗಡಗಡ ನಡುಗುತ್ತಿತ್ತು. ಗದಗಿನ ನಮ್ಮ ಸಣ್ಣ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೇಡಂ ಅವರು. ನಾನು ಅಲ್ಲಿ ರೋಗಿಗಳ ಹೆಸರು ಬರೆಸಿಕೊಳ್ಳುವ ಕಿಟಕಿಯಲ್ಲಿ ಕೂರುವವಳು.

"ಬಾಂಬ್ ಐತೇನ್ರಿ ಮೇಡಂ ಅದರಾಗ?" ಎಂದು ಛೇಡಿಸುತ್ತಿದ್ದೆ.

"ನಂಗ ಅಂಜಿಕಿ ಬರ್ತೈತಿ. ನಿಂಗ ಬರೂದಿಲ್ಲಲ್ಲ, ಅದನ್ನ ನೋಡಿದ್ರ ಇನ್ನೂ ಅಂಜಿಕಿ ಬರ್ತೈತಿ ನೋಡು."

ಹಲ್ಲಿಗೂ ಹೆದರುವವರು, ಲಿಫ್ಟಿಗೂ ಹೆದರುವವರು. ಆದರೆ ಅವರ ದೊಡ್ಡ ಅಂಜಿಕೆ ಕಂಪ್ಯೂಟರಿನ ಸಮಯದ್ದು. ಹೊಸ ಯಂತ್ರ ಬಂದರೆ ಮೊದಲು ಸಮಯ ವಲಯದ ಮಾಹಿತಿಯನ್ನು ಅದರೊಳಗೆ ಇಳಿಸಬೇಕು. ಆಮೇಲೆ ಏಷ್ಯಾ ಎನ್ನಬೇಕು, ಊರು ಆರಿಸಬೇಕು. ಇದಕ್ಕೆ ಅವರು "ಊರು ಹೇಳೂದು" ಎನ್ನುತ್ತಿದ್ದರು. "ಆ ಯಾದಿಯೊಳಗ ಗದಗೂ ಇಲ್ಲ, ಶಿರಹಟ್ಟೀನೂ ಇಲ್ಲವಾ. ಇಡೀ ದೇಶಕ್ಕ ಕೋಲ್ಕತ್ತಾ ಅನ್ನಬೇಕು. ಊರು ಹೇಳದಿದ್ರ ಅದು ವಿಲಾಯತಿ ಹೊತ್ತು ಹಿಡಕೊಂಡು ಐದೂವರೆ ತಾಸು ಹಿಂದ ಕುಂತಿರ್ತೈತಿ. ಮುಳ್ಳು ತಿರುವಬ್ಯಾಡ್ರಿ, ಊರು ಹೇಳ್ರಿ!" ದಿನಾ ಬಂದ ಕೂಡಲೇ ವಾರ್ಡಿನ ಗೋಡೆ ಗಡಿಯಾರ ನೋಡಿ, ಒಂದೊಂದೇ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ನಮಗೆ ಅದೊಂದು ಮಡಿ ಇದ್ದಂತೆ ಕಾಣುತ್ತಿತ್ತು. ಬೆನ್ನ ಹಿಂದೆ ನಗುತ್ತಿದ್ದೆವು.

ಅಡರಕಟ್ಟಿಗೆ ಕೊಟ್ಟ ನನ್ನ ತಂಗಿಯನ್ನು ಹೆರಿಗೆಗೆ ನಮ್ಮಲ್ಲೇ ಸೇರಿಸಿದ್ದೆವು. ದಿನ ತುಂಬಿತ್ತು, ಬಿಪಿ ಏರಿ ಫಿಟ್ಸ್ ಬಂದುಬಿಟ್ಟಿತ್ತು. ತಾಸು ನೋಡಿ ನೋಡಿ ಕೊಡುವ ಇಂಜೆಕ್ಷನ್ ಶುರು ಮಾಡಿದರು. ಕೊಟ್ಟ ಹೊತ್ತನ್ನು ಸಿಸ್ಟರ್ ಕಂಪ್ಯೂಟರಿಗೆ ಏರಿಸುತ್ತಿದ್ದಳು, ಮುಂದಿನದಕ್ಕೆ ತಡವಾದರೆ ಪರದೆಯಲ್ಲಿ ಹೆಸರು ಕೆಂಪಗಾಗುತ್ತಿತ್ತು. ಅದು ತಡವಾದರೆ ಮತ್ತೆ ಫಿಟ್ಸ್, ಬೇಗ ಕೊಟ್ಟರೆ ಉಸಿರೇ ನಿಲ್ಲಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. 

ಮರುದಿನ ಮೇಡಂ ರಜೆ. ಅಂತೂರ ಬೆಂತೂರದಲ್ಲಿ ತಮ್ಮನ ಮಗುವಿನ ತೊಟ್ಟಿಲು. ಅದೇ ದಿನ ಮುಂಜಾನೆ ಎಲ್ಲ ಪರದೆಗಳನ್ನು ನಡೆಸುವ ದೊಡ್ಡ ಯಂತ್ರ ಕೆಟ್ಟು, ಹೊರಗಿನಿಂದ ಬಂದ ಮೆಕ್ಯಾನಿಕ್ ಹೊಸದನ್ನು ಕೂಡಿಸಿದ. ಮಧ್ಯಾಹ್ನ ಮೇಡಂ ಫೋನ್ ಬಂತು. ಹಿಂದೆ ಹೆಂಗಸರು ಜೋಗುಳ ಹಾಡುವುದು ಕೇಳುತ್ತಿತ್ತು.

"ಹೊಸಾ ಸಿಸ್ಟಂ ಹಾಕ್ಯಾರಂತಲ್ಲ. ಊರು ಹೇಳಿರೇನು ಅದಕ್ಕ?"

ನನಗೆ ಸಿಟ್ಟು ಬಂತು. "ಬರೋಬ್ಬರಿ ಐತ್ರಿ ಮೇಡಂ. ಮುಂಜಾನೆ ಅದರ ಗಡಿಯಾರ ಹಿಂದಿತ್ತು. ಈಗಷ್ಟ ಅಂವ ತಿರುವಿ ಸರಿ ಮಾಡ್ಯಾನ. ನೀವು ತೊಟ್ಟಿಲಾ ತೂಗ್ರಿ."

ಆಮೇಲೆ ಕೇಳಿದ ದನಿ ಅವರದೋ ಅಲ್ಲವೋ ಅನ್ನುವಷ್ಟು ಬದಲಾಗಿತ್ತು. "ಹಿಂದಿದ್ದಾಗ ನಿನ್ನ ತಂಗಿಗೆ ಇಂಜೆಕ್ಷನ್ ಆಗೈತೇನು?"

"ಹೂಂ ರಿ, ಮುಂಜಾನಿ ಸಿಸ್ಟರ್ ಕೊಟ್ಟು..."

"ಅಯ್ಯೋ ನನ್ನವ್ವಾ! ಅದು ನಸುಕಿನ್ಯಾಗ ಕೊಟ್ಟಂಗ ಬರಕೊಂಡು ಕುಂತಿರ್ತೈತಿ. ಈಗ ಗಡಿಯಾರ ಮುಂದ ಹೋಗೈತಿ, ತಡ ಆತು ಅಂತ ಮತ್ತ ಹಾಕ್ತಾರ. ಓಡು! ಓಡು ಲೇ!"

ಫೋನ್ ಅಲ್ಲೇ ಬಿಟ್ಟು ವಾರ್ಡಿಗೆ ಓಡಿದೆ. ಮುಂಜಾನೆಯ ಸಿಸ್ಟರ್ ಮನೆಗೆ ಹೋಗಿಯಾಗಿತ್ತು. ಪರದೆಯ ಮೇಲೆ ತಂಗಿಯ ಹೆಸರು ಕೆಂಪಗೆ ಮಿನುಗುತ್ತಿತ್ತು. ಮಧ್ಯಾಹ್ನದ ಸಿಸ್ಟರ್ ಸಿರಿಂಜ್ ತುಂಬಿಕೊಂಡು ಹಾಸಿಗೆಯ ಮೇಲೆ ಬಾಗಿದ್ದಳು. ನಾನು ಅವಳ ರಟ್ಟೆ ಹಿಡಿದೆ.

"ಬಿಡ್ರೀ ಕೈ! ತಡ ಆಗಿಬಿಟ್ಟೈತಿ, ಫಿಟ್ಸ್ ಬಂದ್ರ ನೀವು ಜವಾಬ್ದಾರೇನು?"

ಆ ಒಂದು ಮಾತಿಗೆ ನಾನು ಅರ್ಧ ಸತ್ತೆ. ಮೇಡಂ ಹೇಳಿದ್ದು ತಪ್ಪಾಗಿದ್ದರೆ? ನಾನು ತಡೆದದ್ದರಿಂದಲೇ ತಂಗಿ ಹೋದರೆ? ಮೂಲೆಯಲ್ಲಿ ಕೂತಿದ್ದ ಅವಳ ಗಂಡನನ್ನು ಕೇಳಿದೆ, "ಸೂಜಿ ಯಾವಾಗ ಹಾಕಿದ್ರು?"

"ಎರಡು ತಾಸಿನ ಹಿಂದ ಹಾಕ್ಯಾರಲ್ರಿ ವೈನಿ. ನಾ ನಾಷ್ಟಾ ಮಾಡಿ ಬಂದಮ್ಯಾಲೆ."

ಗದ್ದಲ ಕೇಳಿ ಡಾಕ್ಟರು ಓಡಿಬಂದರು. ಮೈಯಲ್ಲಿ ಔಷಧ ಎಷ್ಟಿದೆಯೆಂದು ತಿಳಿಯಲು ತಂಗಿಯ ಮೊಣಕಾಲು ತಟ್ಟಿ ನೋಡಿದರು, ಉಸಿರು ಎಣಿಸಿದರು, ಮುಂಜಾನೆಯ ಸಿಸ್ಟರಿಗೆ ಫೋನ್ ಮಾಡಿಸಿದರು. ಆಮೇಲೆ ಸಿರಿಂಜನ್ನು ಈಸಿಕೊಂಡು ಟ್ರೇಯಲ್ಲಿಟ್ಟರು. ಮಧ್ಯಾಹ್ನದ ಸಿಸ್ಟರ್ ಆ ಟ್ರೇಯನ್ನೇ ನೋಡುತ್ತ ನಿಂತಳು. ಪಾಪ, ಅವಳದೇನು ತಪ್ಪು? ಪರದೆ ಹೇಳಿದಂತೆ ಮಾಡಿದ್ದಳು.

ಮೇಡಂ ಸಿಕ್ಕ ಟಂಟಂ ಆಟೋ ಹತ್ತಿ ಬಂದರು. ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು. ಯಾರನ್ನೂ ಬೈಯಲಿಲ್ಲ. ವಾರ್ಡಿನ ಒಬ್ಬೊಬ್ಬರ ಹಾಸಿಗೆಗೂ ಹೋಗಿ, ಮುಂಜಾನೆಯಿಂದ ಏನೇನು ಕೊಟ್ಟರೆಂದು ಮನೆಯವರನ್ನೇ ಕೇಳಿ ತಿದ್ದಿಸಿದರು. ಆಮೇಲೆ ಯಂತ್ರದ ಮುಂದೆ ಕೂತು ವಲಯದ ಮಾಹಿತಿ ಇಳಿಸಿದರು. ಏಷ್ಯಾ, ಕೋಲ್ಕತ್ತಾ. ಬಳೆ ಸದ್ದಾಯಿತು. ಅವತ್ತು ಯಾರೂ ನಗಲಿಲ್ಲ. ತಂಗಿಗೆ ಸಂಜೆ ಹೆರಿಗೆಯಾಯಿತು, ಹೆಣ್ಣುಮಗು. ಇಬ್ಬರೂ ಉಳಿದರು.

"ನಿಮ್ಮ ಋಣಾ ಹೆಂಗ ತೀರಿಸ್ಲಿ ಮೇಡಂ?" ಎಂದು ಅತ್ತುಬಿಟ್ಟೆ.

"ನೀನೂ ಒಂದೀಟು ಅಂಜಾಕ ಕಲಿ, ಸಾಕು" ಎಂದರು.

ಅವರಿಂದ ಆ ಕೆಲಸ ಕಲಿತೆ. ಹೋದ ವರ್ಷ ಅವರೇ ನಮ್ಮ ವಾರ್ಡಿಗೆ ಸೇರಿದರು, ಎದೆಯಲ್ಲಿ ನೀರು ತುಂಬಿತ್ತು. ಮಾತಿಗೂ ಏದುಸಿರು. ಕೈಯ ಬಳೆ ತೆಗೆಸಿದ್ದರು. ನನ್ನನ್ನು ಕಂಡೊಡನೆ ಕೇಳಿದರು, "ಹೊಸಾವು ಬಂದಾವಂತಲ್ಲ. ಊರು ಹೇಳಿಯೇನು?"

"ಹೇಳೀನ್ರಿ."

"ಇನ್ನೊಮ್ಮಿ ನೋಡಿ ಬಾ, ನಮ್ಮವ್ವಾ."

ಹೋಗಿ ನೋಡಿ ಬಂದೆ. "ಬರೋಬ್ಬರಿ ಐತ್ರಿ" ಎಂದೆ. ತಲೆಯಾಡಿಸಿದರು.

ಎರಡು ದಿನ ಬಿಟ್ಟು ತೀರಿಹೋದರು. ಹೋದ ಹೊತ್ತನ್ನು ಕಂಪ್ಯೂಟರಿಗೆ ಏರಿಸಬೇಕಾದವಳು ನಾನೇ. ಗೋಡೆಯ ಗಡಿಯಾರ ನೋಡಿದೆ, ಪರದೆ ನೋಡಿದೆ, ಮತ್ತೊಮ್ಮೆ ಗೋಡೆ ನೋಡಿದೆ. ಎಂಟರ್ ಮೇಲೆ ಬೆರಳಿಟ್ಟೆ. ಬಳೆ ಸದ್ದಾಯಿತು. ತಲೆ ಎತ್ತಿ ಅವರ ಹಾಸಿಗೆಯ ಕಡೆ ನೋಡಿಬಿಟ್ಟೆ, ಆಮೇಲೆ ನನ್ನ ಕೈಯ ಬಳೆ ನೋಡಿಕೊಂಡೆ.