ಕಿಟಕಿಗೆ ಕಟ್ಟಿದ ಗೋಣಿ

ಲಾರಿಯ ಪಟ್ಟಿ ಸ್ಪ್ರಿಂಗು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೋಣಿಯಕ್ಕ ಎನ್ನುತ್ತಿದ್ದರು. ಕುಲುಮೆ ಕೋಣೆಯ ಎರಡೂ ಕಿಟಕಿಗಳಿಗೆ ಅವಳು ಗೋಣಿಚೀಲ ಬಿಗಿದಿದ್ದಳು. ಯಾಕೆಂದು ಕೇಳಿದವರಿಗೆ, "ಧೂಳು ಬರುತ್ತೆ" ಎನ್ನುವಳು.

ಧೂಳಿನ ಮಾತು ಸುಳ್ಳು. ಕಾದ ಉಕ್ಕಿನ ಬಣ್ಣ ಕತ್ತಲಲ್ಲಿ ಮಾತ್ರ ನಿಜ ಹೇಳುತ್ತದೆ. ಬೆಳಕು ಬಿದ್ದರೆ ಹಣ್ಣಾದ ಪಟ್ಟಿಯೂ ಕಾಯಿಯಂತೆ ಕಾಣುತ್ತದೆ. ಇನ್ನೂ ಕಾಯಲಿ ಎಂದು ಬಿಟ್ಟು, ಹದ ಕೂರಿಸುವ ಎಣ್ಣೆಗಿಳಿಸಿದರೆ ಅದು ಆಮೇಲೆ ಬಾಗುವುದಿಲ್ಲ, ಗಾಜಿನಂತೆ ಸಿಡಿಯುತ್ತದೆ. ಶಾಖ ತೋರಿಸುವ ಯಂತ್ರ ಕೆಟ್ಟು ಯಾವ ಕಾಲವಾಗಿತ್ತೋ! ಗೋಣಿಯಕ್ಕನ ಕಣ್ಣಿರುವಾಗ ಧಣಿಗೆ ರಿಪೇರಿಯ ಗೊಡವೆ ಬೇಕಿರಲಿಲ್ಲ.

ಗುಟ್ಟು ಮುಚ್ಚಿಡಲು ಕಾರಣವಿತ್ತು. ಗಂಡ ತೀರಿಕೊಂಡ ಮೇಲೆ ಅವನ ಕುಲುಮೆಗೇ ನಿಂತ ಅವಳು, ಒಬ್ಬನಿಗೆ ಒಂದನ್ನೂ ಮುಚ್ಚಿಡದೆ ಕಲಿಸಿದ್ದಳು. ಅವನ ಕೈ ಪಳಗುತ್ತಲೇ ಧಣಿ ಅವಳ ಕೈಗೆ ಪೊರಕೆ ಕೊಟ್ಟ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಆದರೆ ಆ ಶಿಷ್ಯ ಎದುರು ಕಾರ್ಖಾನೆಗೆ ಹಾರಿದ. ಪೇಟೆಯಲ್ಲೆಲ್ಲ ಹುಡುಕಿದರೂ ಕುಲುಮೆ ಬಲ್ಲವನು ಸಿಗಲಿಲ್ಲ. ಧಣಿ ಪೊರಕೆ ಹಿಡಿದಿದ್ದ ಅವಳ ಮುಂದೆಯೇ ಬಂದು ನಿಂತ. ಅಂದಿನಿಂದ ಅವಳು ಬಂದವರಿಗೆಲ್ಲ ಮುಕ್ಕಾಲು ಕಲಿಸಿದಳು. ಉಳಿದ ಕಾಲನ್ನು ಗೋಣಿಯ ಹಿಂದೆ ಇಟ್ಟುಕೊಂಡಳು.

ಕೊನೆಗೆ ಕಲಿಯಲು ಬಂದವಳು ಅವಳ ಸೊಸೆಯೇ. ಮಗ ಅದೇ ಕಾರ್ಖಾನೆಯಲ್ಲಿ, ಪಟ್ಟಿ ಬಗ್ಗಿಸಿ ನೋಡುವ ಪ್ರೆಸ್ಸಿನ ಮೇಲಿದ್ದ. ಸೊಸೆಗೂ ಅವಳು ಬಾಯಿ ಬಿಡಲಿಲ್ಲ.

ಹೊಟ್ಟೆಯೊಳಗಿನ ಗಡ್ಡೆ ಇನ್ನು ತಡೆಯದು, ಕೂಡಲೇ ಕೊಯ್ದು ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಧಣಿ ತಲೆ ಮೇಲೆ ಕೈ ಹೊತ್ತು ಕುಳಿತ.

"ಅಕ್ಕ, ನೀನು ಮಲಗಿದ್ರೆ ಕಾರ್ಖಾನೆನೇ ಮಲಗುತ್ತೆ."

"ನಾನು ಸತ್ತಿದ್ರೆ?"

"ಅದಕ್ಕೂ ರಜೆ ಮಂಜೂರು ಮಾಡ್ತಿರ್ಲಿಲ್ಲ," ಎಂದು ನಕ್ಕ. ಆಮೇಲೆ ಸೊಸೆಯನ್ನು ನೋಡಿದ. "ಇವಳು ನಿಭಾಯಿಸ್ತಾಳಾ?"

"ನಿಭಾಯಿಸ್ತಾಳೆ. ನನ್ನ ಸಾಮಾನು ಮಾತ್ರ ಯಾವುದೂ ಮುಟ್ಟಬಾರದು," ಎಂದಳು ಗೋಣಿಯಕ್ಕ. ಅದಕ್ಕಿಂತ ಹೆಚ್ಚು ಹೇಳಲು ಅವಳ ನಾಲಿಗೆ ಏಳಲಿಲ್ಲ. ಕೈಗೆ ಮತ್ತೆ ಪೊರಕೆ ಬಂದೀತೆಂಬ ಭಯ ಗಡ್ಡೆಗಿಂತ ಹಳೆಯದು.

ಸೊಸೆ ಮೊದಲ ಮೂರು ದಿನ ಸರಿಯಾಗಿಯೇ ನಡೆಸಿದಳು. ನಾಲ್ಕನೆಯ ದಿನ, ಹೊಲಿಗೆ ಹಾಕಿಸಿಕೊಂಡ ಅತ್ತೆ ಈ ಉಸಿರುಗಟ್ಟುವ ಕೋಣೆಗೇ ಬರಬೇಕಲ್ಲ ಎಂದು ಮರುಗಿ, ಗೋಣಿಗಳನ್ನು ಬಿಚ್ಚಿ ಒಗೆಯಲು ಹಾಕಿದಳು. ಕೋಣೆ ತುಂಬ ಬಿಸಿಲು. ಪಟ್ಟಿಗಳು ಮಂಕಾಗಿ ಕಂಡವು. ಇನ್ನಷ್ಟು ಕಾಯಿಸಿದಳು.

ಮಧ್ಯಾಹ್ನ ಪ್ರೆಸ್ಸಿನ ಕೆಳಗೆ ಒಂದು ಪಟ್ಟಿ ಸಿಡಿದು, ಅದರ ಚೂರು ಮಗನ ಬಲಗಣ್ಣಿಗೆ ಹೊಕ್ಕಿತು.

ತಾಯಿ ಹೆಂಗಸರ ವಾರ್ಡಿನಲ್ಲಿ, ಮಗ ಮೇಲಿನ ಮಹಡಿಯಲ್ಲಿ. ಕಣ್ಣು ಉಳಿಯಲಿಲ್ಲ ಎಂದು ಹೇಳಲು ಸೊಸೆಯೇ ಕೆಳಗಿಳಿದು ಬಂದಳು. ಹೇಗಾಯಿತೆಂದು ಕೇಳಿದ ಗೋಣಿಯಕ್ಕ ಉತ್ತರ ಕೇಳುತ್ತ ಗೋಡೆಯತ್ತ ಮುಖ ಮಾಡಿದಳು.

"ಬಿಸಿಲಲ್ಲಿ ಬಣ್ಣ ಗೊತ್ತಾಗಲ್ಲ ಕಣೇ. ಗೋಣಿ ಕಟ್ಟಿದ್ದು ಅದಕ್ಕೇ."

ಸೊಸೆ ಬಾಗಿ ಅತ್ತೆಯ ಮುಖ ನೋಡಿದಳು.

"ಈ ಒಂದು ಮಾತು ಮೊದ್ಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ? ನಾನೇನು ಬೀದೀಲಿ ಹೋಗೋಳಾ?"

ಸಂಜೆ ಧಣಿ ಹಣ್ಣಿನ ಚೀಲ ಹಿಡಿದು ಬಂದ. ಮಗನ ಬಗ್ಗೆ ಎರಡು ಮಾತಾಡಿ, ಮಂಚದ ಕಂಬಿ ಸವರುತ್ತ ಕೇಳಿದ: "ಯಾವಾಗ ಎದ್ದು ಓಡಾಡ್ತೀಯಕ್ಕ?"

ಹೊಲಿಗೆ ಮಾಯುವ ಮೊದಲೇ ಅವಳು ಕುಲುಮೆಗೆ ಮರಳಿದಳು. ಮನೆಯಲ್ಲಿ ದುಡಿಯುವ ಬೇರೆ ಕೈ ಇರಲಿಲ್ಲ. ಸೊಸೆ ಕಾರ್ಖಾನೆಯ ಗೇಟು ಮತ್ತೆ ತುಳಿಯಲಿಲ್ಲ. ಒಗೆದ ಗೋಣಿಗಳನ್ನು ಗೋಣಿಯಕ್ಕ ಹೊಟ್ಟೆ ಹಿಡಿದುಕೊಂಡೇ ಕಟ್ಟಿದಳು. ಅಷ್ಟರಲ್ಲಿ ಹಮಾಲಿ ಎಣ್ಣೆಯ ಡ್ರಮ್ಮು ಉರುಳಿಸಿಕೊಂಡು ಒಳಗೆ ಬಂದ.

"ಬಾರಪ್ಪ ಇಲ್ಲಿ. ಈ ಗೋಣಿ ಯಾಕೆ ಕಟ್ತೀನಿ ಅಂತ ಹೇಳ್ತೀನಿ."

"ಗೊತ್ತು ಬಿಡಕ್ಕ, ಧೂಳಿಗೆ," ಎಂದು ಅವನು ತಂದದ್ದನ್ನು ಅಲ್ಲೇ ಬಿಟ್ಟು, ಮೂಲೆಯ ಖಾಲಿ ಡ್ರಮ್ಮನ್ನು ಕಾಲಲ್ಲಿ ತಳ್ಳುತ್ತ ಹೊರಟುಹೋದ.