ಎದೆ ಉಳಿಸಿಕೊಟ್ಟವರು

ಕೊಟ್ಟೂರಿನಲ್ಲಿ ನಮ್ಮದು ಸೀರೆ ಅಂಗಡಿ. ಗಲ್ಲಾದಲ್ಲಿ ಗಂಡ ಕೂತರೆ, ಹೆಂಗಸರಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ನನ್ನದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಎದೆಯ ಹೊರಮಗ್ಗುಲಲ್ಲಿ ಅವರೆಕಾಳಿನಂಥ ಗಟ್ಟಿ ಗಂಟು ಕೈಗೆ ತಗುಲಿತು. ನೋವೇನೂ ಇರಲಿಲ್ಲ.

ಗಂಡನಿಗೆ ಹೇಳಲು ನಾಲಿಗೆ ಏಳದೆ ಅತ್ತೆಗೆ ಹೇಳಿದೆ. ಅತ್ತೆ ಗುಡೇಕೋಟೆ ಕಡೆಯವರು, ಧ್ವನಿ ದೊಡ್ಡದು.

“ಮುಚ್ಚಿಟ್ಕೊಂಡು ಕುಂದ್ರೋದಲ್ಲ ಇದು. ನಾಳಿಗೇ ತೋರಿಸೋಣ, ನಡಿ,” ಅಂದರು.

ಹರಪನಹಳ್ಳಿಯ ಲೇಡಿ ಡಾಕ್ಟರು ಮುಟ್ಟಿ ನೋಡಿ ದಾವಣಗೆರೆಗೆ ಕಳಿಸಿದರು. ಅಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದರು. ಎದೆಯನ್ನು ಪೂರ್ತಿ ತೆಗೆಯಬೇಕು ಎಂದರು ಸರ್ಜನ್. ಗಂಡ ಒಪ್ಪಿಬಿಟ್ಟರು. ನೋಡಲು ಬಂದ ನೆಂಟರು, “ಮಕ್ಕಳು ದೊಡ್ಡವಾದ್ವು, ಇನ್ನ ಅದರಿಂದ ಏನಾಗ್ಬೇಕೈತಿ?” ಎಂದು ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ.

ಅವರೆಲ್ಲ ಹೋದ ಮೇಲೆ ಅತ್ತೆ ಪಕ್ಕಕ್ಕೆ ಬಂದು ಕೂತರು. “ಅವರದು ಬಿಡು. ನಿನಗೇನು ಅನಸ್ತೈತಿ?”

“ನನ್ನ ಮೈ ಹೆಂಗೈತಿ ಹಂಗ ಇರ್ಲಿ ಅನಸ್ತೈತ್ರಿ ಅತ್ತಿ. ಜೀವಕ್ಕ ಕುತ್ತು ಅಂದ್ರ ಬ್ಯಾಡ.”

“ಕೇಳಾಕ ಏನು ಹೋಗ್ತೈತಿ? ನಾ ಕೇಳ್ತೀನಿ.”

ಕೇಳಿಯೇಬಿಟ್ಟರು. ದಾವಣಗೆರೆಯ ಸರ್ಜನ್ ಸಿಟ್ಟಾಗುತ್ತಾರೆಂದು ನಾನು ಸೆರಗು ಹಿಂಡುತ್ತ ನಿಂತಿದ್ದೆ. ಅವರು ಸ್ವಲ್ಪ ಯೋಚಿಸಿ, “ದಾರಿ ಇದೆ ಅಜ್ಜಿ. ಆದ್ರೆ ನಾನು ಅದನ್ನ ಮಾಡಿಲ್ಲ. ಮಾಡೋರು ಬೆಂಗಳೂರಲ್ಲಿದಾರೆ,” ಎಂದು ಅಲ್ಲಿಯೇ ಫೋನ್ ಎತ್ತಿದರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಬೆಂಗಳೂರಿನ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಸಮೇತ ತೆಗೆದು, ಅದೇ ಎದೆಯ ಉಳಿದ ಭಾಗವನ್ನು ಸರಿಸಿ ಗುಳಿಯನ್ನು ತುಂಬಿ, ಆಕಾರ ಕೂಡಿಸಿ ಹೊಲಿಯುತ್ತೇವೆ ಎಂದರು. ಆಮೇಲೆ ರೇಡಿಯೇಷನ್ ತಪ್ಪಿಸುವಂತಿಲ್ಲ.

“ಅಂದ್ರ ಅಮ್ಮಾರ, ಸೀರಿ ಹರಿದಲ್ಲಿ ತ್ಯಾಪಿ ಹಚ್ಚಿದಂಗೇನ್ರಿ?” ಎಂದರು ಅತ್ತೆ.

ಡಾಕ್ಟರು ನಕ್ಕರು. “ಹೊರಗಿನ ತೇಪೆ ಅಲ್ಲಮ್ಮ, ಅದೇ ಬಟ್ಟೆ ಸರಿಸಿ ಹೊಲಿದ ಹಾಗೆ. ಗಂಟು ಸಣ್ಣದಿದೆ. ಇಂಥದ್ರಲ್ಲಿ ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಇವರೂ ಬದುಕ್ತಾರೆ. ಆದ್ರೆ ತೆಗೆದ ತುಂಡಿನ ಅಂಚಲ್ಲಿ ರೋಗ ಕಂಡ್ರೆ ಮತ್ತೆ ಆಪರೇಷನ್. ಆಗ ಪೂರ್ತಿ ತೆಗೀಬೇಕಾಗಿಯೂ ಬರಬಹುದು.”

ಆಪರೇಷನ್ನಿಗಿಂತ ಆ ಅಂಚಿನ ರಿಪೋರ್ಟು ಕಾಯುವುದೇ ಕಷ್ಟವಾಯಿತು. ಬ್ಯಾಂಡೇಜಿನ ಕೆಳಗೆ ಏನಿದೆಯೆಂದು ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಡಾಕ್ಟರೇ ಬಂದು, “ಅಂಚು ಸ್ವಚ್ಛವಾಗಿದೆ. ಕಂಕುಳ ಗ್ರಂಥಿಗಳಿಗೂ ರೋಗ ಹರಡಿಲ್ಲ,” ಎಂದರು. ಅಷ್ಟು ದಿನ ಕಲ್ಲಿನ ಹಾಗಿದ್ದ ಗಂಡ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟರು. ಆ ದಿನ ಡ್ರೆಸಿಂಗ್ ಬಿಚ್ಚಿದಾಗ ನೋಡಿಕೊಂಡೆ. ಕೊಂಚ ಚಿಕ್ಕದಾಗಿತ್ತು, ಹೊಲಿಗೆಯ ಗೆರೆ ಕೆಂಪಗಿತ್ತು. ಆದರೂ ನನ್ನದೇ ಎದೆ.

ರೇಡಿಯೇಷನ್ ಮುಗಿಯುವವರೆಗೆ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ನಾನೂ ಅತ್ತೆಯೂ ಉಳಿದೆವು. ರೇಡಿಯೇಷನ್ ಬೀಳಬೇಕಾದ ಜಾಗದ ಗುರುತಿಗೆಂದು ಎದೆಯ ಮೇಲೆ ಬರೆದ ನೇರಳೆ ಗೆರೆಗಳು ಅಳಿಯಬಾರದಿತ್ತು. ಅತ್ತೆ ಒದ್ದೆ ಬಟ್ಟೆ ಹಿಂಡಿ, ಗೆರೆಗೆ ತಾಗದಂತೆ ಮೈ ಒರೆಸುತ್ತಿದ್ದರು. ಚರ್ಮ ಕಪ್ಪಿಟ್ಟು ಉರಿಯುತ್ತಿತ್ತು. ಸುಸ್ತಾಗಿ ಮಲಗಿದರೆ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದರು.

ಊರಿಗೆ ಬಂದ ಮೇಲೆ ಅತ್ತೆ ಅಂಗಡಿಗೆ ಬಂದು ಕೂರತೊಡಗಿದರು. ಸೀರೆ ನೋಡಲು ಬಂದ ಹೆಂಗಸರನ್ನು, “ಮೈ ತೊಳ್ಕೊಳ್ಳಾಗ ಎದಿ ಮ್ಯಾಲ ಕೈ ಆಡಿಸಿ ನೋಡ್ಕೊಂತೀರಿಲ್ಲ?” ಎಂದು ಎಲ್ಲರೆದುರೇ ಕೇಳುತ್ತಿದ್ದರು. ನಾಚಿಕೆಯಿಂದ ನಾನು ಸೀರೆಗಳ ಹಿಂದೆ ಅವಿತುಕೊಳ್ಳುತ್ತಿದ್ದೆ. ಒಂದು ದಿನ ಹಂಪಸಾಗರದ ಹೆಂಗಸೊಬ್ಬಳು ಸೀರೆ ಕೊಳ್ಳಲು ಅಲ್ಲ, ಅತ್ತೆಯ ಕೈ ಹಿಡಿದುಕೊಂಡು ಕೂರಲು ಬಂದಳು. ಅವಳ ಗಂಟೂ ಸಣ್ಣದಿರುವಾಗಲೇ ಸಿಕ್ಕಿತ್ತು.