ತೋಳಿನ ಡಾಕ್ಟ್ರಮ್ಮ

ಮೆಡಿಕಲ್ ಕಾಲೇಜು ಸೇರಿ ಇನ್ನೂ ಎರಡು ತಿಂಗಳಾಗಿಲ್ಲ, ಆಗಲೇ ಬೀದಿಗೆಲ್ಲ ಅವಳು ಡಾಕ್ಟ್ರಮ್ಮ. ಬಿಳಿ ಕೋಟನ್ನು ಎಷ್ಟೇ ಮಡಿಸಿದರೂ ಅದರ ಒಂದು ತೋಳು ಚೀಲದಿಂದ ಹೊರಗೆ ಇಣುಕುವಂತೆ ನೋಡಿಕೊಳ್ಳುತ್ತಾಳೆ. ಪಕ್ಕದ ಮನೆಯ ಅಜ್ಜಿ ಗೇಟಿನಲ್ಲೇ ಅಡ್ಡಹಾಕಿ, "ಮಂಡಿನೋವಿಗೆ ಏನಾದ್ರೂ ಹೇಳೇ ತಾಯಿ" ಎಂದರೆ, "ನಮಗಿನ್ನೂ ಕೈ ಮಾತ್ರ ಆಗಿರೋದು ಅಜ್ಜಿ, ಕಾಲು ಬರೋ ತಿಂಗಳು" ಎನ್ನುತ್ತಾಳೆ. "ಆಗ್ಲಿ, ಅಲ್ಲೀವರೆಗೂ ತಡ್ಕೋತೀನಿ" ಎಂದು ಅಜ್ಜಿ ಕುಂಟುತ್ತ ಒಳಗೆ ಹೋಗುತ್ತಾರೆ. ಡಾಕ್ಟ್ರಮ್ಮನಿಗೆ ಕೂತರೂ ಮೂಳೆ, ನಿಂತರೂ ಮೂಳೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟು ಹರಿಯುತ್ತಿದ್ದರೆ ಅವನ ಕೈಯ ಇಪ್ಪತ್ತೇಳು ಮೂಳೆ ಎಣಿಸುತ್ತ ಇಳಿಯುವ ನಿಲ್ದಾಣವನ್ನೇ ಮರೆಯುತ್ತಾಳೆ. ಭಾನುವಾರ ಅಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದರೆ ಅವರ ಮುಂಗೈ ತುಂಬ ಮಗಳು ಬರೆದ ನೀಲಿ ಪೆನ್ನಿನ ನರಗಳು. ಎಷ್ಟು ತಿಕ್ಕಿದರೂ ಹೋಗದೆ, ಸೋಮವಾರ ಹಾಗೇ ಆಫೀಸಿಗೆ ಹೋಗುತ್ತಾರೆ. ಮೊನ್ನೆ ಶವ ಕೊಯ್ಯುವ ಕೋಣೆಯಲ್ಲಿ ಅಂಗೈ ಬಿಡಿಸುವ ಸರದಿ ಅವಳದಾಗಿತ್ತು. ಬಟ್ಟೆ ಸರಿಸಿ, ಮೇಜಿನ ಮೇಲೆ ಶವವಾಗಿ ಮಲಗಿದ್ದ ಹೆಂಗಸಿನ ಕೈ ತಿರುಗಿಸಿದರೆ, ಎಡ ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಚರ್ಮ. ಬಟ್ಟೆ ಹೊಲಿಯುವ ಅಮ್ಮನ ಬೆರಳೂ ಹಾಗೆಯೇ. "ಏನಮ್ಮಾ, ನಿಂತೇಬಿಟ್ಟೆ?" ಎಂದರು ಮೇಷ್ಟ್ರು. ಅವಳು ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಿದ್ದು, ಆಮೇಲೆ ಚಾಕು ಎತ್ತಿಕೊಂಡಳು. ಸಂಜೆ ಹೊಲಿಗೆ ಯಂತ್ರದ ಪಕ್ಕ ಕೂತು ಅಮ್ಮನ ಕೈ ಹಿಡಿದಳು. ಒಂದು ಮೂಳೆಯ ಹೆಸರೂ ಬಾಯಿಗೆ ಬರಲಿಲ್ಲ. "ಕೈ ಪಾಠ ಇನ್ನೂ ಮುಗೀಲಿಲ್ವೇನೇ?" ಎಂದು ಅಮ್ಮ ನಕ್ಕಳು. "ಇಲ್ಲಮ್ಮ, ಇವತ್ತು ಶುರುವಾಯ್ತು" ಎಂದಳು ಡಾಕ್ಟ್ರಮ್ಮ.